ಕಜಾಕರು ರಷ್ಯಾವನ್ನು ಸೇರಿದ್ದು ತಾವಾಗಿಯೇ?

1731ರ ಅಕ್ಟೋಬರ್ 10ರಂದು ಮಧ್ಯ ಏಷ್ಯಾದ ಹುಲ್ಲುಗಾವಲಿನ ಅಲೆಮಾರಿಗಳಾದ ಕಜಾಕರ ಕಿರಿಯ ಝೂಜ್‌ನ ಖಾನ ಅಬುಲ್‌ಖೈರ್, ರಷ್ಯಾದ ಸಾಮ್ರಾಜ್ಞಿ ಆನ್ನಾಗೆ ನಿಷ್ಠನಾಗಿರುವುದಾಗಿ ಪ್ರಮಾಣ ಮಾಡಿದ. ಝೂಜ್ ಎಂದರೆ ಬುಡಕಟ್ಟುಗಳ ಒಕ್ಕೂಟ. ಕಜಾಕರಲ್ಲಿ ಅಂಥವು ಮೂರಿದ್ದವು, ಕಿರಿಯದು ಪಶ್ಚಿಮದ್ದು. ಈ ಘಟನೆಯನ್ನು ‘ಸ್ವಇಚ್ಛೆಯ ಸೇರ್ಪಡೆ’ ಎಂದು ಕರೆದ ಸೋವಿಯತ್ ಸರ್ಕಾರ 1980ರ ದಶಕದ ಆರಂಭದಲ್ಲಿ ಅದರ 250ನೇ ವರ್ಷವನ್ನು ಆಚರಿಸಿತು.

ಪರ

ಮೊದಲು ದೂತರನ್ನು ಕಳಿಸಿದವನು ಖಾನನೇ, 1730ರಲ್ಲಿ. ಆಗ ಯಾಯಿಕ್ (ಇಂದಿನ ಉರಾಲ್) ನದಿಯಾಚೆಯ ಹುಲ್ಲುಗಾವಲಿನಲ್ಲಿ ರಷ್ಯಾದ ದಂಡು ಬೀಡುಬಿಟ್ಟಿರಲಿಲ್ಲ. ಉತ್ತರವಾಗಿ ಬಂದವನು ಸೇನಾಪತಿಯಲ್ಲ, ತೆವ್ಕೆಲೆವ್ ಎಂಬ ತಾತಾರ್ ಭಾಷಾಂತರಕಾರ, ಅವನೂ ಮುಸಲ್ಮಾನ. ಇದನ್ನು ದಂಡಯಾತ್ರೆ ಎನ್ನಲು ನಾಲಿಗೆ ಹೊರಳುವುದಿಲ್ಲ.

ಖಾನನಿಗೆ ಇದು ಬೇಕಾಗಿದ್ದುದಕ್ಕೆ ಕಾರಣವಿತ್ತು. 1723ರಲ್ಲಿ ಪೂರ್ವದಿಂದ ಜುಂಗಾರರೆಂಬ ಮಂಗೋಲ ಅಲೆಮಾರಿಗಳು ಎರಗಿ ಬಂದಾಗ ಕಜಾಕರು ಮಂದೆಗಳನ್ನು ಬಿಟ್ಟು ಓಡಿದರು. ಬರಿಗಾಲಿನ ಆ ಓಟವನ್ನು ‘ಅಕ್ತಬಾನ್ ಶುಬಿರಿಂದಿ’ ಎಂದು ಇಂದಿಗೂ ನೆನೆಯುತ್ತಾರೆ. ಪಶ್ಚಿಮಕ್ಕೆ ಹೋಗೋಣವೆಂದರೆ ಅಲ್ಲಿ ವೋಲ್ಗಾ ನದಿಯ ಬಳಿಯ ಕಲ್ಮಿಕರೆಂಬ ಮಂಗೋಲ ಅಲೆಮಾರಿಗಳು, ಬಶ್ಕಿರರು, ಯಾಯಿಕ್‌ನ ಕೊಸಾಕರೆಂಬ ಗಡಿಕಾವಲಿನ ಸವಾರರು. ಮೂವರೂ ರಷ್ಯಾದ ಪ್ರಜೆಗಳು. ತಾನೂ ಅದೇ ಸಾಮ್ರಾಜ್ಞಿಯ ಪ್ರಜೆಯಾದರೆ ಅವಳು ಅವರ ಕೈ ಕಟ್ಟುತ್ತಾಳೆ; ಖಾನನ ಲೆಕ್ಕ ಇದು. ಓರ್ ನದಿ ಯಾಯಿಕ್ ಸೇರುವಲ್ಲಿ ಕೋಟೆ ಕಟ್ಟಿಸಿಕೊಡಿ ಎಂದು ಕೇಳಿದವನೂ ಅವನೇ. ಕುರಿ, ಕುದುರೆ ಮಾರಿ ಧಾನ್ಯ, ಬಟ್ಟೆ ತರುವವರಿಗೆ ಸಂತೆ ಬೇಕೇ ಬೇಕು.

ಮಧ್ಯ ಝೂಜ್‌ನ ಅಬ್ಲಾಯ್ 1740ರಲ್ಲಿ ರಷ್ಯಾಕ್ಕೆ ಪ್ರಮಾಣ ಮಾಡಿದ, 1757ರಲ್ಲಿ ಚೀನಾದ ಚಕ್ರವರ್ತಿಗೂ ತಲೆಬಾಗಿದ. ಎರಡು ದೊಡ್ಡ ಮನೆಗಳ ನಡುವೆ ಹೀಗೆ ನಡೆದಾಡಿದವರನ್ನು ಬರೀ ಬಲಿಪಶುಗಳೆಂದರೆ ಅವರ ಜಾಣತನವನ್ನೇ ಅಲ್ಲಗಳೆದಂತೆ. ಖಾನಪದವಿ ರದ್ದಾದದ್ದು 1822 ಮತ್ತು 1824ರಲ್ಲಿ, ಬೇರೆಯೇ ದೊರೆಗಳ ಕಾಲದಲ್ಲಿ. ಮರಿಮಕ್ಕಳ ಕಾಲದ ಅನ್ಯಾಯವನ್ನು ಮುತ್ತಜ್ಜನ ಸಹಿಯ ಮೇಲೆ ಹೊರಿಸುವುದು ಇತಿಹಾಸವಲ್ಲ.

ವಿರೋಧ

ಕೇಳಿದವನು ಖಾನ, ನಿಜ. ಆದರೆ ಯಾರ ಪರವಾಗಿ? ಅದೇ ತೆವ್ಕೆಲೆವ್‌ನ ದಿನಚರಿ ನೋಡಬೇಕು. ಅವನು ಪಾಳೆಯಕ್ಕೆ ಬಂದಾಗ ಹಿರಿಯರು ಕೆರಳಿ ನಿಂತಿದ್ದರು, ಅವನ ಜೀವಕ್ಕೇ ಸಂಚಕಾರ ಬಂದಿತ್ತು. ಅವರಿಗೆ ಬೇಕಿದ್ದುದು ರಷ್ಯಾದೊಡನೆ ಶಾಂತಿ, ಅಧೀನತೆಯಲ್ಲ. ಖಾನ ತಮ್ಮನ್ನು ಕೇಳದೆಯೇ ಬರೆದಿದ್ದ. ಬಿಳಿ ಕಂಬಳಿಯ ಮೇಲೆ ಕೂರಿಸಿ ಎತ್ತಿದರೆ ಖಾನನಾಗುವ ನಾಡು ಅದು. ಎತ್ತಿದವರು ಒಪ್ಪದಿದ್ದರೆ ಅವನ ಮಾತು ಅವನ ಗುಡಾರದೊಳಗಷ್ಟೇ ನಡೆಯುತ್ತಿತ್ತು.

ಇನ್ನು ಆ ಪ್ರಮಾಣ. ರಷ್ಯನ್ನರು ಇಂಥದ್ದನ್ನು ‘ಶೆರ್ತ್’ ಎನ್ನುತ್ತಿದ್ದರು. ಅರಬ್ಬಿಯ ಅದೇ ಪದ ನಮ್ಮಲ್ಲಿ ‘ಷರತ್ತು’ ಆಗಿದೆ, ಮತ್ತು ಅಲೆಮಾರಿಗಳ ಅರ್ಥಕ್ಕೆ ಕನ್ನಡವೇ ಹತ್ತಿರ. ನೀನು ಇಷ್ಟು ಕೊಟ್ಟರೆ ನಾನು ಇಷ್ಟು. ನೀನು ತಪ್ಪಿದರೆ ನಾನು ಬಿಡುಗಡೆ. ಪೀಟರ್ಸ್‌ಬರ್ಗ್‌ನ ಕಡತದಲ್ಲಿ ಅದೇ ಶಾಶ್ವತ ಅಧೀನತೆಯಾಯಿತು. ನಂಬಿಕೆಗೆ ಒತ್ತೆಯಾಗಿ ಖಾನನ ಮಗನನ್ನು ಇಟ್ಟುಕೊಂಡರು. ಅಂಥ ಒತ್ತೆಯಾಳಿನ ಹೆಸರು ‘ಅಮಾನತ್’. ನಮ್ಮ ಕಚೇರಿಗಳಲ್ಲಿ ಕೆಲಸ ತೂಗುಬಿದ್ದವನು ಅಮಾನತು, ಅಲ್ಲಿ ಬದುಕೇ ತೂಗುಬಿದ್ದವನು. ಸ್ವಇಚ್ಛೆಯಿಂದ ಬಂದವರ ಮಕ್ಕಳನ್ನು ಯಾರಾದರೂ ಒತ್ತೆ ಇಟ್ಟುಕೊಳ್ಳುತ್ತಾರೆಯೇ? 1738ರಲ್ಲಿ ಅಬುಲ್‌ಖೈರ್‌ನಿಂದ ಮತ್ತೊಮ್ಮೆ ಪ್ರಮಾಣ ಮಾಡಿಸಿದರು. ಮೊದಲನೆಯದರ ಮೇಲೆ ಅವರಿಗೇ ನೆಚ್ಚಿಕೆ ಇರಲಿಲ್ಲವೆಂದಾಯಿತು.

ಖಾನ ಬಯಸಿದ ಕೋಟೆ 1735ರಲ್ಲಿ ಎದ್ದಿತು, ಓರೆನ್‌ಬರ್ಗ್ ಎಂಬ ಹೆಸರಿನಲ್ಲಿ. ಅದರ ಹಿಂದೆಯೇ ಕೋಟೆಗಳ ಸಾಲು ಬೆಳೆಯಿತು. 1756ರಲ್ಲಿ ಕಜಾಕರು ಮಂದೆಗಳೊಡನೆ ಯಾಯಿಕ್ ದಾಟಬಾರದೆಂಬ ಅಪ್ಪಣೆ ಹೊರಟಿತು. ಕಾಗದದಲ್ಲಿ ಒಂದು ಸಾಲು, ಅಷ್ಟೇ. ಆದರೆ ಹುಲ್ಲುಗಾವಲಿನಲ್ಲಿ ಬೇಸಿಗೆಯ ಮೇವು ಎಲ್ಲಾದರೂ ಸಿಗುತ್ತದೆ, ಚಳಿಗಾಲದ್ದು ಸಿಗುವುದಿಲ್ಲ. ಗಾಳಿಗೆ ಮರೆಯಾದ, ಜೊಂಡು ಬೆಳೆದ ನದಿಯ ಅಂಚೇ ಆಗ ಗತಿ. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ನೆಲದ ಮೇಲೆ ಮಂಜುಗಡ್ಡೆಯ ಹೊದಿಕೆ ಕೂತರೆ ಪ್ರಾಣಿಗಳ ಗೊರಸು ಹುಲ್ಲನ್ನು ಮುಟ್ಟಲಾರದು. ಮಂದೆಗೆ ಮಂದೆಯೇ ನಿಂತಲ್ಲಿ ಸಾಯುತ್ತದೆ. ಈ ವಿಪತ್ತಿಗೆ ‘ಜುಟ್’ ಎಂದು ಹೆಸರು. ದಾಟುವ ದಾರಿ ಮುಚ್ಚಿದವನು ಗುಂಡು ಹಾರಿಸಬೇಕಾಗಿಯೇ ಇರಲಿಲ್ಲ. ದಂಡು ಬರಲಿಲ್ಲವೆಂಬ ವಾದ ಇಲ್ಲಿ ಸೋಲುತ್ತದೆ. ಮುಂದೆ ದಂಡೂ ಬಂತು: 1837ರಿಂದ 1847ರವರೆಗೆ ಕೆನೆಸಾರಿ ಅದರೊಡನೆ ಹೋರಾಡಿದ, ಅವನು ಅಬ್ಲಾಯ್‌ನ ಮೊಮ್ಮಗ. 1868ರಲ್ಲಿ ಹುಲ್ಲುಗಾವಲಷ್ಟೂ ಸರ್ಕಾರದ್ದೆಂದು ಘೋಷಣೆಯಾಯಿತು.

ಶೆರ್ತ್ ಹರಿದುಕೊಂಡು ಹೋಗಲು ಆಗುತ್ತಿತ್ತೇ? ಕಲ್ಮಿಕರು ನೋಡಿದರು. 1655ರಲ್ಲೇ ಶೆರ್ತ್ ಕೊಟ್ಟಿದ್ದ ಅವರು 1771ರ ಜನವರಿಯಲ್ಲಿ ಗುಡಾರ ಕಿತ್ತು ಆಗ ಚೀನಾದ ವಶದಲ್ಲಿದ್ದ ತಮ್ಮ ಮೂಲನೆಲ ಜುಂಗಾರಿಯಾದ ಕಡೆ ಹೊರಟರು, ಒಂದೂವರೆ ಲಕ್ಷದಷ್ಟು ಜನ. ಆ ವರ್ಷ ವೋಲ್ಗಾ ಹೆಪ್ಪುಗಟ್ಟಲಿಲ್ಲವಾಗಿ ಪಶ್ಚಿಮ ದಡದವರು ಅಲ್ಲೇ ಉಳಿದರು. ಆಗಿನ ಸಾಮ್ರಾಜ್ಞಿ ಕ್ಯಾಥರೀನ್ ಕಲ್ಮಿಕರ ಖಾನಪದವಿಯನ್ನೇ ತೆಗೆದುಹಾಕಿದಳು. ಹೊರಟವರ ಮೇಲೆ ದಾರಿಯುದ್ದಕ್ಕೂ ಎರಗಿದವರು, ರಷ್ಯಾದ ಕುಮ್ಮಕ್ಕೂ ಹಳೆಯ ಹಗೆಯೂ ಸೇರಿ, ಕಜಾಕರೇ. ಚೀನಾದ ಗಡಿ ಮುಟ್ಟಿದವರು ಅರ್ಧಕ್ಕಿಂತ ಕಡಿಮೆ.