ಪಿಗ್ಮಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟ ಭವಿಷ್ಯ

ಇಪ್ಪತ್ತೆಂಟು ವರ್ಷ ನಾನು ಉಡುಪಿ ಜಿಲ್ಲೆಯ ಕಟಪಾಡಿ, ಶಂಕರಪುರ, ಶಿರ್ವದ ಕಡೆ ಪಿಗ್ಮಿ ಕಲೆಕ್ಷನ್ ಮಾಡಿದವ, ಅಂದರೆ ದಿನಾ ಮನೆಮನೆಗೆ ಹೋಗಿ ಸಣ್ಣ ಉಳಿತಾಯದ ದುಡ್ಡು ಸಂಗ್ರಹಿಸಿದವ. ಮುಂದೆ ಲೋಕ ಹೇಗಿರುತ್ತದೆ ಅಂತ ಹೇಳಲು ಇದೇನೂ ದೊಡ್ಡ ಯೋಗ್ಯತೆ ಅಲ್ಲ. ಆದರೆ ಒಂದು ಅನುಕೂಲ ಇತ್ತು. ದಿನಾ ಅರುವತ್ತು ಎಪ್ಪತ್ತು ಬಾಗಿಲಿಗೆ ಹೋಗುತ್ತಿದ್ದೆ. ಯಾವ ಮನೆಯ ಮೆಟ್ಟಿಲ ಹತ್ತಿರ ಎಷ್ಟು ಜೊತೆ ಚಪ್ಪಲಿ ಇದೆ ಅಂತ ಕಣ್ಣಿಗೆ ಬೀಳುತ್ತಿತ್ತು.

ಮೊದಲು ನನ್ನ ಸೋತ ಭವಿಷ್ಯಗಳನ್ನು ಹೇಳಿಬಿಡುತ್ತೇನೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾಯಿತು. ಇನ್ನು ಮುಂಬೈಯವರು ಆಗಾಗ ಊರಿಗೆ ಬರುತ್ತಾರೆ, ಬೀಗ ಹಾಕಿದ ಮನೆಗಳು ತೆರೆಯುತ್ತವೆ ಅಂದಿದ್ದೆ. ಬಂದರು, ಸುಳ್ಳಲ್ಲ. ಭೂತಕೋಲಕ್ಕೆ, ಮದುವೆಗೆ. ಆದರೆ ಅದೇ ರೈಲಿನಲ್ಲಿ ಇಲ್ಲಿದ್ದವರೂ ಹೊರಟರು. 2016ರಲ್ಲಿ ಯುಪಿಐ ಬಂತು. ಮಲ್ಲಿಗೆ ಕಟ್ಟುವ ಅಕ್ಕಂದಿರು ಫೋನಿನಲ್ಲಿ ದುಡ್ಡು ತೆಗೆದುಕೊಳ್ಳುವುದು ಈ ಜನ್ಮದಲ್ಲಿ ಇಲ್ಲ ಅಂತ ಬಾಜಿ ಕಟ್ಟಿದ್ದೆ. ನಾಲ್ಕೈದು ವರ್ಷದಲ್ಲಿ ಹೂವಿನ ಬುಟ್ಟಿಗೇ ಕ್ಯೂಆರ್ ಕೋಡ್ ಅಂಟಿತು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ ಎರಡಾಣೆಯ ಲೆಕ್ಕದಲ್ಲಿ ಶುರು ಮಾಡಿದ್ದು ಪಿಗ್ಮಿ. ಪಿಗ್ಮಿ ಮುಗಿದರೂ ಬ್ಯಾಂಕ್ ಮುಗಿಯಲಿಕ್ಕಿಲ್ಲ ಅಂದುಕೊಂಡಿದ್ದೆವು. ಪಿಗ್ಮಿ ಇನ್ನೂ ಕುಂಟುತ್ತಾ ಇದೆ. ಆ ಬ್ಯಾಂಕ್ 2020ರಲ್ಲಿ ಕೆನರಾದಲ್ಲಿ ಸೇರಿಹೋಯಿತು. ಇಷ್ಟು ಸೋತವನ ಮಾತು ಅಂತ ಗೊತ್ತಿಟ್ಟುಕೊಂಡೇ ಮುಂದೆ ಓದಿ.

ಈಗ ಎಲ್ಲರ ಬಾಯಲ್ಲೂ ಎಐ. ನನ್ನ ಲೆಕ್ಕದಲ್ಲಿ ಮುಂದಿನ ಇಪ್ಪತ್ತೈದು ವರ್ಷದ ದೊಡ್ಡ ಸುದ್ದಿ ಅದಲ್ಲ. ಚಪ್ಪಲಿ.

ನನ್ನ ಅಜ್ಜಿಗೆ ಒಂಬತ್ತು ಮಕ್ಕಳು. ಅಮ್ಮನಿಗೆ ಐದು. ನಾವು 'ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ' ಅಂತ ಗೋಡೆಯಲ್ಲಿ ಓದಿ ಬೆಳೆದವರು, ನಮಗೆ ಎರಡು. ಮಗಳು ಬೆಂಗಳೂರಿನಲ್ಲಿದ್ದಾಳೆ, ಒಂದೇ ಸಾಕು ಅನ್ನುತ್ತಾಳೆ. ಅವಳದ್ದು ತಪ್ಪಲ್ಲ, ಬಾಡಿಗೆ ಕಟ್ಟುವವಳು ಅವಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಲ್ಲೇ ನಿಲ್ಲಬೇಕಾದರೂ 2.1 ಬೇಕು. ದಕ್ಷಿಣ ಕೊರಿಯಾದಲ್ಲಿ 2023ಕ್ಕೆ ಅದು 0.72ಕ್ಕೆ ಇಳಿದಿತ್ತು. ನಾವು ಅಲ್ಲಿಗೆ ಮುಟ್ಟಲಿಕ್ಕಿಲ್ಲ, ಆದರೆ ಹಿಡಿದಿರುವುದು ಅದೇ ದಾರಿ.

ನಾನು ಕಲಿತ ಕನ್ನಡ ಶಾಲೆಯಲ್ಲಿ ಈಗ ಹನ್ನೊಂದು ಮಕ್ಕಳು. ಇಂಗ್ಲಿಷ್ ಮೀಡಿಯಂ ಬಂದು ಹಾಳಾಯಿತು ಅಂತ ಎಲ್ಲರೂ ಬೈಯುತ್ತಾರೆ. ಅದೂ ಹೌದು. ಆದರೆ ಆ ಊರಿನ ಮಕ್ಕಳೆಲ್ಲ ಒಟ್ಟಿಗೆ ಬಂದರೂ ನಮ್ಮ ಕಾಲದ ಒಂದು ತರಗತಿ ತುಂಬುವುದಿಲ್ಲ. ಇನ್ನು ಹದಿನೈದು ವರ್ಷದಲ್ಲಿ ಇಂಗ್ಲಿಷ್ ಮೀಡಿಯಂನವರೂ ಮಕ್ಕಳನ್ನು ಹುಡುಕಿಕೊಂಡು ಮನೆಮನೆಗೆ ಬರುತ್ತಾರೆ, ಪಿಗ್ಮಿಯವರ ಹಾಗೆ.

ಜನ ಕಡಿಮೆಯಾದರೆ ಒಳ್ಳೆಯದಲ್ವಾ ಅಂತ ಕೇಳುತ್ತೀರಿ. ಭೂಮಿಗೆ ಒಳ್ಳೆಯದಿರಬಹುದು. ಆದರೆ ಕಡಿಮೆಯಾಗುವುದು ಮೊದಲು ಮಕ್ಕಳು, ಮುದುಕರಲ್ಲ. ನಾನು ಹೋಗುತ್ತಿದ್ದ ಮನೆಗಳಲ್ಲಿ ಕೊನೆಕೊನೆಗೆ ಎರಡೇ ಜೊತೆ ಚಪ್ಪಲಿ. ಎರಡೂ ಎಂಸಿಆರ್ ಅನ್ನುವ ಮೆತ್ತನೆಯ ಚಪ್ಪಲಿ, ಡಾಕ್ಟರು ಹೇಳಿದ್ದು. ಮಗ ದುಬೈ, ಮಗಳು ಕೆನಡಾ. ಗೇಟಿನಲ್ಲಿ ಸಿಸಿಟಿವಿ. ಬೈಲಿನ ಗದ್ದೆ ಹಡಿಲು, ಬೇಸಾಯ ಇಲ್ಲ. ದಿನಕ್ಕೆ ಇಪ್ಪತ್ತು ರೂಪಾಯಿ ಪಿಗ್ಮಿ ಕಟ್ಟುತ್ತಿದ್ದ ಒಬ್ಬರು ಅಮ್ಮನಿಗೆ ಆ ದುಡ್ಡು ಉಳಿಸುವ ಅಗತ್ಯವೇ ಇರಲಿಲ್ಲ. "ಒಂದೇ ಸಲ ಕಟ್ಟಿಬಿಡಿ ಅಮ್ಮ, ನನಗೂ ಸುಲಭ" ಅಂದೆ ಒಮ್ಮೆ. "ಹಾಗಾದರೆ ನೀನು ನಾಳೆ ಬರುವುದಿಲ್ಲವಾ ಮಗಾ?" ಅಂತ ಕೇಳಿದರು. ಆಮೇಲೆ ಆ ಮಾತು ಎತ್ತಲಿಲ್ಲ.

ಹಾಗಾಗಿ ಪುಸ್ತಕದ ಹಿಂದೆ ಬರೆದಿಟ್ಟಿದ್ದೇನೆ: 2040ಕ್ಕೆ ಈ ಜಿಲ್ಲೆಯಲ್ಲಿ ಅತಿ ಜಾಸ್ತಿ ಬೇಡಿಕೆ ಇಂಜಿನಿಯರಿಗಲ್ಲ, ಹೋಂ ನರ್ಸಿಗೆ. ಸಂಬಳವೂ ಹಾಗೇ ಏರುತ್ತದೆ. ಹುಡುಗ ಹೋಂ ನರ್ಸ್ ಅಂದರೆ ಹೆಣ್ಣಿನ ಕಡೆಯವರೇ ಜಾತಕ ಹಿಡಿದು ಬರುತ್ತಾರೆ.

ಹೊರಗಿನಿಂದ ಜನ ಬರುತ್ತಾರೆ ಬಿಡಿ ಅನ್ನುವವರಿದ್ದಾರೆ. ಬಂದಾಗಿದೆ. ಮಲ್ಪೆ ಬಂದರಿನ ಮೀನುಗಾರಿಕೆ ಬೋಟುಗಳಲ್ಲಿ ಒಡಿಶಾದವರು, ಜಾರ್ಖಂಡದವರು. ಹೋಟೆಲಲ್ಲಿ ನೀರು ತಂದಿಡುವ ಹುಡುಗ 'ದಾನೆ ಬೋಡು?' (ಏನು ಬೇಕು?) ಅಂತ ತುಳುವಿನಲ್ಲೇ ಕೇಳುತ್ತಾನೆ, ಗಿರಾಕಿಯ ಮಗ ಇಂಗ್ಲಿಷಲ್ಲಿ ಉತ್ತರ ಕೊಡುತ್ತಾನೆ. ಆ ಹೊರಗಿನ ಹುಡುಗನ ಮಕ್ಕಳು ಇಲ್ಲಿನವರೇ ಆಗುತ್ತಾರೆ ಅನ್ನುವುದು ನನ್ನ ಇನ್ನೊಂದು ಭವಿಷ್ಯ. ಇದಕ್ಕೆ ಸಿಟ್ಟಾಗುವವರು ನಮ್ಮವರು ಮುಂಬೈಯಲ್ಲಿ ಹೋಟೆಲ್ ಇಟ್ಟದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳಲಿ. ಆದರೆ ಅವರೂ ಎಷ್ಟು ದಿನ ಬಂದಾರು? ಅದೇ ಸಮೀಕ್ಷೆಯಲ್ಲಿ ಒಡಿಶಾದ್ದೂ 1.8. ಬಿಹಾರ ಮಾತ್ರ 3ರಲ್ಲಿ ಇತ್ತು. ಅಲ್ಲಿಯೂ ಇಳಿಯುತ್ತಾ ಇದೆ. ನಾಳೆ ಆ ಹುಡುಗನನ್ನು ಜಪಾನ್, ಜರ್ಮನಿ ಕರೆದರೆ ಅವನು ಮಲ್ಪೆಗೆ ಯಾಕೆ ಬರುತ್ತಾನೆ?

ಎಐ ಬಗ್ಗೆಯೂ ಒಂದು ಬರೆದಿದ್ದೇನೆ. 2024ರ ಜೂನಿನಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ತುಳು ಸೇರಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿಗೆ ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯುನಿಕೋಡ್‌ನಲ್ಲಿ ಜಾಗ ಸಿಕ್ಕಿತು. ಇನ್ನು ಹತ್ತು ವರ್ಷದಲ್ಲಿ ನನ್ನ ಮೊಮ್ಮಗುವಿಗಿಂತ ಒಳ್ಳೆಯ ತುಳು ಯಂತ್ರವೇ ಮಾತಾಡುತ್ತದೆ. ಮುದುಕರಿಗೆ ದಿನಾ ಮಧ್ಯಾಹ್ನ 'ಒಣಸ್ ಆಂಡಾ?' (ಊಟ ಆಯಿತಾ?) ಅಂತ ಕೇಳುತ್ತದೆ. ನಗಬೇಡಿ, ನನಗೂ ಅದು ಬೇಕಾಗಬಹುದು. ಆದರೆ ಊಟ ಬಡಿಸುವುದು ಯಾರು ಅಂತ ಅದನ್ನು ಕೇಳಬೇಕು.

ನೀರಿನ ವಿಷಯ ಜಾಸ್ತಿ ಬೆಳೆಸುವುದಿಲ್ಲ, ಕಣ್ಣೆದುರಿಗೇ ಇದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. 2019ರ ಮೇಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರಿಲ್ಲದೆ ಉಡುಪಿ ಪೇಟೆಯವರು ಟ್ಯಾಂಕರ್ ಕಾದರು. ಮರುವರ್ಷ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಯ ಮಳೆಗೆ ಜನ ದೋಣಿ ಹತ್ತಬೇಕಾಯಿತು. ಇನ್ನು ಮುಂದೆ ಹೀಗೇ, ಒಂದೋ ಇದು, ಇಲ್ಲದಿದ್ದರೆ ಅದು. ನಮ್ಮ ಕಡೆ ಜಾಗ ಮಾರುವಾಗ 'ಮೇಯಲ್ಲೂ ಬತ್ತದ ಬಾವಿ' ಅನ್ನುವ ಮಾತಿಗೆ ರಸ್ತೆಗಿಂತ ಹೆಚ್ಚು ಬೆಲೆ ಬರುತ್ತದೆ ಅಂತಲೂ ಬರೆದಿದ್ದೇನೆ.

ಇಷ್ಟನ್ನೂ ನಿನ್ನೆ ಹೆಂಡತಿಗೆ ಓದಿ ಹೇಳಿದೆ. ಅವಳು ಹೀರೆಕಾಯಿ ಹೆರೆಯುತ್ತಾ ಪೂರ್ತಿ ಕೇಳಿದಳು. "2040ರದ್ದು ಇರಲಿ, ನಾಳೆ ಕಾಯಿ ತೆಗೆಯುವವ ಬರ್ತಾನಾ ಕೇಳಿ. ಎರಡು ತಿಂಗಳಾಯ್ತು, ತಲೆ ಮೇಲೆ ಬೀಳ್ತದೆ" ಅಂದಳು. ನಮ್ಮ ಸುತ್ತಿನ ಮೂರು ಊರಿಗೆ ಈಗ ಮರ ಹತ್ತುವವನು ಅವನೊಬ್ಬನೇ. ಐವತ್ತು ದಾಟಿದೆ, ಮಗ ಮಣಿಪಾಲದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ.

ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದೆ. ಬ್ಯುಸಿ ಬರ್ತಾ ಇದೆ.