ಸ್ವಂತ ದಂಧೆಯೋ, ತಿಂಗಳ ಸಂಬಳವೋ?

ಪರ: ದಂಧೆಯೇ ಇರಲಿ

ಕಾಲೇಜಿನಲ್ಲಿ ಪಾಠ ಹೇಳಿ ಸಂಬಳ ಎಣಿಸುವ ನನಗೆ ಈ ಚರ್ಚೆಯಲ್ಲಿ ದಂಧೆಯ ಪಕ್ಷ ಕೊಟ್ಟಿದ್ದಾರೆ. ಇರಲಿ. ಸರ್ಕಾರಿ ನೌಕರಿಗಾಗಿ ಜನ ಜೀವ ಬಿಡುತ್ತಿದ್ದುದು ಪಿಂಚಣಿಯ ಆಸೆಗೆ. 2006ರ ಏಪ್ರಿಲ್ 1ರ ನಂತರ ನೇಮಕವಾದ ಬಹುತೇಕರಿಗೆ ರಾಜ್ಯದಲ್ಲಿ ಆ ಹಳೆಯ ಪಿಂಚಣಿ ಇಲ್ಲ. ಸಂಬಳದಿಂದಲೇ ಮುರಿದು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಎಂಬ ಎನ್‌ಪಿಎಸ್‌ಗೆ ಹಾಕುತ್ತಾರೆ, ಮುಂದೆ ಬರುವುದು ಮಾರುಕಟ್ಟೆ ಕೊಟ್ಟಷ್ಟು. ಭದ್ರತೆ ಎಲ್ಲಿ ಉಳಿಯಿತು?

ಬೀದರಿನಲ್ಲಿ ಸತು-ತಾಮ್ರದ ಹೂಜಿಗೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಬಿದ್ರಿ ಕಸುಬಿಗೆ ಯಾರೂ ನೇಮಕಾತಿ ಆದೇಶ ಕೊಡಲಿಲ್ಲ. ಆ ಕಸುಬಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಿಗುತ್ತದೆ, ಮನೆಯಲ್ಲೇ ರೊಟ್ಟಿ ಕೇಂದ್ರ ಶುರು ಮಾಡಬಹುದು. ನೀವೇಕೆ ಮಾಡಲಿಲ್ಲ ಸರ್ ಎನ್ನಬೇಡಿ. ನನಗೆ ಕೊಟ್ಟ ಜಾಗ ಇಷ್ಟೇ.

ವಿರೋಧ: ಒಂದನೇ ತಾರೀಖಿಗೆ ಏನು ಮಾಡುತ್ತೀರಿ?

ಪಿಂಚಣಿ ಗಿಂಚಣಿ ಆಮೇಲೆ. ಮನೆ ಬಾಡಿಗೆ, ಹುಡುಗರ ಫೀಸು, ಅವ್ವನ ಬಿಪಿ ಗುಳಿಗೆ, ಯಾವುದೂ ದರ ಏರಲಿ ಅಂತ ಕಾಯುವುದಿಲ್ಲ.

ಅಪ್ಪ ಕಲಬುರಗಿಯ ಗಂಜ್‌ನಲ್ಲಿ ತೊಗರಿ ವ್ಯಾಪಾರಿ. 2015ರ ಕೊನೆಗೆ ಕ್ವಿಂಟಲ್ ಹತ್ತು ಸಾವಿರ ದಾಟಿತ್ತು. ಅದೇ ಧೈರ್ಯದ ಮೇಲೆ ಬಡ್ಡಿಗೆ ರೊಕ್ಕ ತಂದು ಮಾಲು ಹಿಡಿದಿಟ್ಟರು. ಮರುವರ್ಷ ಮಳೆ ಚೆನ್ನಾಗಿ ಆಯಿತು, ದೇಶದ ತುಂಬ ತೊಗರಿ ಬೆಳೆಯಿತು, ಹೊರದೇಶದ್ದೂ ಬಂತು. 2017ರ ಆರಂಭಕ್ಕೆ ದರ 5,050ರ ಬೆಂಬಲ ಬೆಲೆಗಿಂತ ಕೆಳಗೆ. ರೈತರಿಗಾದರೂ ಖರೀದಿ ಕೇಂದ್ರ ಇತ್ತು, ಪಾಳಿ ಹಚ್ಚಿ ನಿಲ್ಲಬಹುದಿತ್ತು. ವ್ಯಾಪಾರಿಯ ಮಾಲು ಅಲ್ಲಿ ಮುಟ್ಟುವುದಿಲ್ಲ. ಗೋದಾಮಿನ ಬಾಡಿಗೆ ಬೇರೆ, ಬಡ್ಡಿ ಬೇರೆ. ಮೊದಲು ಅವ್ವನ ಪಾಟ್ಲಿ ಬಳೆ ಹೋದವು, ಆಮೇಲೆ ಆಳಂದ ರಸ್ತೆಯ ಪ್ಲಾಟು. 2019ರಲ್ಲಿ ಕಲಬುರಗಿ ತೊಗರಿಗೆ ಈ ನೆಲದ್ದೇ ಬೆಳೆ ಎಂಬ ಜಿಐ ಟ್ಯಾಗ್ ಸಿಕ್ಕಿತು ಅಂತ ಊರೆಲ್ಲ ಹಿಗ್ಗಿತು. ಪಾಟ್ಲಿ ತಿರುಗಿ ಬರಲಿಲ್ಲ.

ಮನೆ ಎದ್ದು ನಿಂತದ್ದು ನನ್ನ ಗುಮಾಸ್ತೆ ಸಂಬಳದಿಂದ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಅಡಿ ಸಿಕ್ಕ ನೌಕರಿ. ಸ್ಥಳೀಯ ವೃಂದದ ಸಿ ದರ್ಜೆ ಹುದ್ದೆಗಳಲ್ಲಿ ಶೇ 80 ನಮ್ಮ ಭಾಗದವರಿಗೇ ಮೀಸಲಿರುವಾಗ, ಅಂಗಡಿ ಹಾಕಿರಿ ಎಂದು ಉಪದೇಶ ಮಾಡುವವರು ಸಂಬಳದವರೇ ಆಗಿರುತ್ತಾರೆ! ಶಿಶು ಸಾಲ ಕೈಗೆ ಬಂದ ಕೂಡಲೇ ಪದ್ಮಶ್ರೀ ಮನೆಗೆ ಬರುತ್ತದೆ ಎನ್ನುವ ಧಾಟಿ. ನನ್ನ ತಮ್ಮನಿಗೂ ಮೊಬೈಲ್ ಅಂಗಡಿಯ ಹುಚ್ಚು. ಹಿಡಿದು ಕೂರಿಸಿ ಕೆಪಿಎಸ್‌ಸಿ ಅರ್ಜಿ ತುಂಬಿಸಿದ್ದೇನೆ. ಮಾತು ಬಿಟ್ಟಿದ್ದಾನೆ, ಬಿಡಲಿ.