ಎಲ್ಲಾ ಎಂಟ್ರೆನ್ಸೂ ಬರೆಸಲೇಬೇಕಾ?

ಸೆಕೆಂಡ್ ಪಿಯು ಮಕ್ಕಳಿರುವ ಮನೆಗಳಲ್ಲಿ ಒಂದೇ ಮಾತು ಕೇಳುತ್ತೇನೆ. ರಾಜ್ಯದ ಸಿಇಟಿ, ರಾಷ್ಟ್ರಮಟ್ಟದ ಜೆಇಇ, ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌ಕೆ, ಜೊತೆಗೆ ಎರಡು ಮೂರು ಖಾಸಗಿ ವಿಶ್ವವಿದ್ಯಾಲಯಗಳ ಪರೀಕ್ಷೆ. "ಎಲ್ಲದಕ್ಕೂ ಅರ್ಜಿ ಹಾಕಿಬಿಡೋಣ ಸಾರ್, ಯಾವುದಾದ್ರೂ ಒಂದು ಕೈ ಹಿಡಿಯುತ್ತೆ." ಬೆಂಗಳೂರಿನಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುವ ನನಗೆ ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಯಾವ ಪರೀಕ್ಷೆ ಬೇಡ ಅಂತ ಮೊದಲು ತೀರ್ಮಾನ ಮಾಡಿ. ಅದೂ ಜನವರಿ ತನಕ ಕಾಯದೆ, ಶೈಕ್ಷಣಿಕ ವರ್ಷದ ಶುರುವಿನಲ್ಲೇ.

ಯಾಕೆ ಅಂದರೆ ಒಂದೊಂದು ಪರೀಕ್ಷೆಗೂ ಕೈ ಬೇರೆ ಥರ ಪಳಗಬೇಕು. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡು. ತಪ್ಪಾದರೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಜೆಇಇ ಮೇನ್‌ನಲ್ಲಿ ಮೂರು ಗಂಟೆಗೆ 75 ಪ್ರಶ್ನೆ, ತಪ್ಪಿಗೆ ಒಂದು ಅಂಕ ಖೋತಾ. ಅಲ್ಲಿ ಗೊತ್ತಿಲ್ಲದ್ದನ್ನು ಬಿಡುವುದೇ ಜಾಣತನ. ಒಂದೇ ಮಗು ವಾರವಿಡೀ ಅದಕ್ಕೂ ಇದಕ್ಕೂ ಓದಿದರೆ ಇಲ್ಲಿ ವೇಗ ಬರುವುದಿಲ್ಲ, ಅಲ್ಲಿ ಆಳ ಬರುವುದಿಲ್ಲ.

ಇನ್ನೊಂದು ವಿಷಯ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ಎಂಜಿನಿಯರಿಂಗ್ ಸಿಇಟಿ ರ್‍ಯಾಂಕ್‌ನಲ್ಲಿ ಅರ್ಧ ಪಾಲು ಪಿಯು ಅಂಕದ್ದು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್‌ನಲ್ಲಿ ಬೋರ್ಡ್ ಪರೀಕ್ಷೆಯ ಅಂಕಕ್ಕೆ ಶೇ. 50, ಸಿಇಟಿ ಅಂಕಕ್ಕೆ ಶೇ. 50. ಇದು ಗೊತ್ತಿದ್ದೂ ಡಿಸೆಂಬರ್ ಪೂರ್ತಿ ಮಕ್ಕಳನ್ನು ಕೋಚಿಂಗ್ ಮಾಕ್ ಟೆಸ್ಟ್‌ಗಳಲ್ಲೇ ಕೂರಿಸುತ್ತಾರೆ. ಐದು ಅಂಕದ ಪ್ರಶ್ನೆಗೆ ಹಂತ ಹಂತವಾಗಿ ಬರೆಯುವುದೇ ಮರೆತುಹೋಗಿರುತ್ತದೆ. ಉತ್ತರ ಸರಿ ಇರುತ್ತದೆ, ನಡುವಿನ ಸಾಲುಗಳೇ ಇರುವುದಿಲ್ಲ. ಅಂಕ ಹೋಗುವುದು ಅಲ್ಲೇ.

ನನ್ನ ಸಲಹೆ ಇಷ್ಟೇ. ಎಂಜಿನಿಯರಿಂಗ್ ಬೇಕು, ರಾಜ್ಯದಲ್ಲೇ ಓದಬೇಕು ಅನ್ನುವವರಿಗೆ ಸಿಇಟಿ ಮತ್ತು ಕಾಮೆಡ್‌ಕೆ ಸಾಕು. ಕಾಮೆಡ್‌ಕೆಯಲ್ಲೂ ನೆಗೆಟಿವ್ ಮಾರ್ಕ್ ಇಲ್ಲ, 180 ಪ್ರಶ್ನೆಗೆ ಮೂರು ಗಂಟೆ. ಸಿಇಟಿ ಅಭ್ಯಾಸ ಅಲ್ಲಿಗೂ ಆಗುತ್ತದೆ. ಸುರತ್ಕಲ್ ಎನ್‌ಐಟಿ ಥರದ ಕಡೆ ನಿಜವಾಗಿ ಆಸೆ ಇದ್ದರೆ ಜೆಇಇ ಬರೆಯಲಿ. ಜನವರಿ, ಏಪ್ರಿಲ್ ಎರಡು ಸಲ ನಡೆಯುತ್ತದೆ, ಚೆನ್ನಾಗಿ ಬಂದ ಸ್ಕೋರನ್ನೇ ಲೆಕ್ಕಕ್ಕೆ ತಗೊಳ್ಳುತ್ತಾರೆ. ಜನವರಿಯದು ಸಾಧಾರಣವಾಗಿ ಬಂದರೆ ಗಾಬರಿ ಬೇಡ, ಪಿಯು ಪರೀಕ್ಷೆ ಮುಗಿಯುವ ತನಕ ಜೆಇಇ ಪುಸ್ತಕ ಮುಚ್ಚಿಡಿ. ಮೆಡಿಕಲ್‌ಗೆ ನೀಟ್ ಒಂದೇ ದಾರಿ. ಆದರೆ ರಾಜ್ಯ ಕೋಟಾದ ಸೀಟು ಬೇಕಿದ್ದರೆ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲೂ (ಕೆಇಎ) ನೋಂದಣಿ ಮಾಡಿಸಲೇಬೇಕು.

ಸರ್ಟಿಫಿಕೇಟ್ ವಿಷಯ ಬೇರೆ ಇದೆ. ಮಕ್ಕಳು ಎಷ್ಟು ಓದಿದರೂ ಈ ಕೆಲಸ ದೊಡ್ಡವರದ್ದು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ (ಪ್ರಮಾಣಪತ್ರದ ಮೇಲಿರುವ ಸಂಖ್ಯೆ) ಅರ್ಜಿ ತುಂಬುವಾಗಲೇ ಬೇಕು. ಊರಲ್ಲಿ ಒಂದರಿಂದ ಹತ್ತನೇ ತರಗತಿ ಓದಿ ಪಿಯುಗೆ ಬೆಂಗಳೂರಿಗೆ ಬಂದ ಮಕ್ಕಳಿಗೆ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಇದೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ ಬೇಕು. ಅದಕ್ಕೆ ಊರಿಗೇ ಹೋಗಿ ಬರಬೇಕು. ದಸರಾ ರಜೆಗೆ ಹೇಗೂ ಹೋಗುತ್ತೀರಲ್ವಾ, ಶಾಲೆಯ ಕೆಲಸವನ್ನೂ ಆಗಲೇ ವಿಚಾರಿಸಿಕೊಂಡು ಬನ್ನಿ. ಕೊನೇ ವಾರ ಸರ್ವರ್ ಡೌನ್ ಆದಾಗ ಸೈಬರ್ ಸೆಂಟರ್ ಮುಂದೆ ಅಳುತ್ತಾ ನಿಂತ ಹುಡುಗಿಯನ್ನು ನೋಡಿದ್ದೇನೆ. ಓದಿನಲ್ಲಿ ಅವಳಿಗೆ ಯಾವ ಕೊರತೆಯೂ ಇರಲಿಲ್ಲ.

ಇನ್ನು ಏಪ್ರಿಲ್. ಸಿಇಟಿಯ ಒಂದು ಪೇಪರ್ ಬೆಳಗ್ಗೆ 10.30ಕ್ಕೆ, ಇನ್ನೊಂದು ಮಧ್ಯಾಹ್ನ 2.30ಕ್ಕೆ. ಮನೆಯಲ್ಲಿ ಹಳೇ ಪ್ರಶ್ನೆಪತ್ರಿಕೆ ಬಿಡಿಸುವಾಗಲೂ ಅದೇ ಹೊತ್ತಿಗೆ ಕೂರಿಸಿ. ಹೊಟ್ಟೆ ತುಂಬಾ ಅನ್ನ ಸಾರು ಉಂಡು, ಬೇಸಿಗೆಯ ಮಧ್ಯಾಹ್ನ ಕಣ್ಣು ಎಳೆಯುವಾಗ 60 ಪ್ರಶ್ನೆ ಬಿಡಿಸುವುದು ಸುಮ್ನೆ ಅಲ್ಲ. ಓಎಂಆರ್ ಹಾಳೆಯ ಜೆರಾಕ್ಸ್ ತೆಗೆದು ಪೆನ್ನಲ್ಲೇ ತುಂಬಿಸಿ. ಪುಸ್ತಕದಲ್ಲಿ ಟಿಕ್ ಹಾಕುವುದಕ್ಕೂ ವೃತ್ತ ತುಂಬುವುದಕ್ಕೂ ಸಮಯದಲ್ಲಿ ಎಷ್ಟು ವ್ಯತ್ಯಾಸ ಅಂತ ಅವರಿಗೇ ಗೊತ್ತಾಗುತ್ತದೆ. ಸೆಂಟರ್ ಎಲ್ಲಿ ಅಂತ ಹಾಲ್ ಟಿಕೆಟ್ ಬಂದ ತಕ್ಷಣ ನೋಡಿ, ಹಿಂದಿನ ದಿನವೇ ಒಂದು ಸಲ ಹೋಗಿ ಬನ್ನಿ. ಮೆಟ್ರೋ ಹತ್ತಿರ ಇದ್ದರೆ ಕಾರು ಬೇಡವೇ ಬೇಡ. ಎರಡು ಪೇಪರ್ ನಡುವೆ ಮಗುವಿಗೆ ಊಟ ಕೊಡಿ, ನೀರು ಕೊಡಿ. ಬೆಳಗಿನ ಉತ್ತರ ಮಾತ್ರ ಕೇಳಬೇಡಿ.